ಸರ್ಕಾರಿ ರಸ್ತೆ, ಕಂಬ, ಕಟ್ಟಡದಿಂದ ಪೆಟ್ಟಾದರೆ ಪರಿಹಾರ ಕೇಳುವುದು ಹೇಗೆ?

ಗುಂಡಿಗೆ ಬಿದ್ದು ಕಾಲು ಮುರಿದುಕೊಂಡವರನ್ನು ನೋಡಲು ಬಂದ ನೆಂಟರು ಹೇಳುವ ಮಾತು ಬಹುತೇಕ ಒಂದೇ: "ಗೌರ್ಮೆಂಟ್ ಮೇಲೆ ಕೇಸ್ ಹಾಕಿ ಗೆದ್ದೋರುಂಟಾ? ಸುಮ್ನಿರಿ, ಗ್ರಹಚಾರ."

ಗೆದ್ದವರುಂಟು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಸತ್ತವರ ಮನೆಯವರು ಪಾಲಿಕೆಯ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1966ರಲ್ಲಿ ಗೆದ್ದರು. ಗೋಪುರಕ್ಕೆ 80 ವರ್ಷವಾಗಿತ್ತು, ಅದಕ್ಕೆ ಬಳಸಿದ್ದ ಗಾರೆಯ ಆಯುಸ್ಸು 40-45 ವರ್ಷ. ಕಟ್ಟಡ ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಬೇರೆ ಪುರಾವೆ ಬೇಕಿಲ್ಲ ಎಂದಿತು ಕೋರ್ಟು.

ಸೋತವರೂ ಉಂಟು. ಗೆದ್ದವರಿಗೂ ಸೋತವರಿಗೂ ಇರುವ ವ್ಯತ್ಯಾಸ ನೋಡಲು ಎರಡು ಮರಗಳ ಪ್ರಕರಣ ಸಾಕು. ರಾಜಕೋಟೆಯಲ್ಲಿ ರಸ್ತೆ ಬದಿಯ ಮರ ಬಿದ್ದು ನಡೆದು ಹೋಗುತ್ತಿದ್ದವರೊಬ್ಬರು ಸತ್ತರು. 1997ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆ ಹೊಣೆಯಲ್ಲ ಎಂದಿತು, ಮರ ಬೀಳುವ ಸ್ಥಿತಿಯಲ್ಲಿದೆ ಎಂಬುದು ಪಾಲಿಕೆಗೆ ಗೊತ್ತಿತ್ತೆಂದು ತೋರಿಸಲು ಆಗಿರಲಿಲ್ಲ. ದೆಹಲಿಯಲ್ಲಿ ಸ್ಕೂಟರ್ ಸವಾರನ ತಲೆ ಮೇಲೆ ಕೊಂಬೆ ಬಿತ್ತು. ಆ ಮರ ಒಣಗಿ ನಿಂತಿತ್ತು, ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. 1999ರಲ್ಲಿ ಅದೇ ಸುಪ್ರೀಂ ಕೋರ್ಟ್ ಪಾಲಿಕೆಯೇ ಹೊಣೆ ಎಂದಿತು.

ಹಾಗಾಗಿ ಇಂಥ ಮೊಕದ್ದಮೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಎರಡು ಪ್ರಶ್ನೆಗಳ ಮೇಲೆ. ಆ ಆಸ್ತಿ ಯಾರದ್ದು? ಅಪಾಯವಿದೆ ಎಂಬುದು ಅವರಿಗೆ ಗೊತ್ತಿತ್ತೇ, ಅಥವಾ ಗೊತ್ತಿರಬೇಕಿತ್ತೇ? ಇವೆರಡಕ್ಕೂ ಉತ್ತರ ಸಿಗುವುದು ಕೋರ್ಟಿನಲ್ಲಲ್ಲ, ಪೆಟ್ಟಾದ ಮೊದಲ ವಾರದಲ್ಲಿ, ಅದೇ ಜಾಗದಲ್ಲಿ. ಆ ವಾರ ಕೈಬಿಟ್ಟರೆ ಎಂಥ ವಕೀಲರಿದ್ದರೂ ಕಷ್ಟ.

ಮೊದಲ ವಾರ: ಜಾಗ ಬದಲಾಗುವ ಮುಂಚೆ

ಪೆಟ್ಟು ತಿಂದವರು ಆಸ್ಪತ್ರೆಯಲ್ಲಿರುತ್ತಾರೆ, ಆದ್ದರಿಂದ ಈ ಕೆಲಸ ಮನೆಯವರದ್ದೋ ಸ್ನೇಹಿತರದ್ದೋ. ಆಸ್ಪತ್ರೆಯಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಜಾಗಕ್ಕೆ ಹೋಗಲೇಬೇಕು, ಅದೂ ಅವತ್ತೇ. ಅಪಘಾತವಾದ ಗುಂಡಿಗೆ ರಾತ್ರೋರಾತ್ರಿ ತೇಪೆ ಬೀಳುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ತುಂಡಾದ ತಂತಿಯನ್ನು ಲೈನ್‌ಮನ್ ಬಂದು ಸುತ್ತಿಕೊಂಡು ಹೋಗುತ್ತಾರೆ. ಬಿದ್ದ ಮರವನ್ನು ಗರಗಸದವರು ಮಧ್ಯಾಹ್ನದೊಳಗೆ ತುಂಡು ಮಾಡಿ ಸಾಗಿಸುತ್ತಾರೆ.

ಗುಂಡಿಯಾದರೆ ಫೋಟೊ ಮೂರು ಬಗೆಯದ್ದು ಬೇಕು. ದೂರದಿಂದ ಒಂದು: ಅಂಗಡಿ ಬೋರ್ಡು, ಬಸ್ ನಿಲ್ದಾಣ, ಮೈಲಿಗಲ್ಲು ಏನಾದರೊಂದು ಗುರುತು ಅದರಲ್ಲಿ ಕಾಣಬೇಕು. ಸವಾರನ ಕಣ್ಣಿಗೆ ಕಾಣುವ ಎತ್ತರದಿಂದ ಇನ್ನೊಂದು, ಸಾಧ್ಯವಾದರೆ ಅಪಘಾತವಾದ ಹೊತ್ತಿನಲ್ಲೇ. ರಾತ್ರಿ ಎಂಟಕ್ಕೆ ಬಿದ್ದಿದ್ದರೆ ಮರುದಿನ ರಾತ್ರಿ ಎಂಟಕ್ಕೆ ಹೋಗಿ ತೆಗೆಯಿರಿ, ಬೀದಿದೀಪ ಉರಿಯುತ್ತಿಲ್ಲ ಎಂಬುದೂ ಅದರಲ್ಲೇ ಸಿಕ್ಕಿಬಿಡುತ್ತದೆ. ಮೂರನೆಯದು ಹತ್ತಿರದಿಂದ, ಗುಂಡಿಯೊಳಗೆ ಟೇಪು ಇಳಿಸಿ ಆಳ ಓದಲು ಬರುವಂತೆ.

ರಸ್ತೆ ಉಬ್ಬಿನ ಮೇಲೆ ಹಾರಿ ಬಿದ್ದಿದ್ದರೆ ಉಬ್ಬಿನ ಅಗಲ, ಎತ್ತರ ಎರಡನ್ನೂ ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಬಳಿದ ಬಣ್ಣ ಮತ್ತು ಮುಂಚೆಯೇ ಎಚ್ಚರಿಸುವ ಫಲಕ ಬೇರೆ. ಓಣಿಗಳಲ್ಲಿ ಹಾಕಿರುವ ಮೊಳದಗಲದ, ಗೋಡೆಯಂಥ ಉಬ್ಬು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ, ಅದನ್ನು ತೋರಿಸಲು ನಿಮ್ಮ ಟೇಪೇ ಸಾಕು. ಕಾಮಗಾರಿ ನಡೆಯುವ ಜಾಗವಾದರೆ ಬ್ಯಾರಿಕೇಡ್, ಕೆಂಪು ದೀಪ, ಪ್ರತಿಫಲಿಸುವ ಪಟ್ಟಿ ಇತ್ತೇ ಎಂಬುದು ಫೋಟೊದಲ್ಲಿ ಬರಲಿ.

ವಿದ್ಯುತ್ ಆಘಾತವಾದರೆ ಕಂಬದ ಮೇಲೆ ಬರೆದಿರುವ ನಂಬರು, ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ನಂಬರು ಇವೆರಡೂ ಬೇಕೇ ಬೇಕು. ತಂತಿ ಯಾರದ್ದೆಂಬ ಪ್ರಶ್ನೆಯನ್ನು ಅದು ಅಲ್ಲೇ ಮುಗಿಸುತ್ತದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ ಬಳಿ ಬೆಳಗಿನ ಜಾವ ಊರಿನಿಂದ ಬಂದಿಳಿದ ತಾಯಿ ಮತ್ತು ಒಂಬತ್ತು ತಿಂಗಳ ಮಗು ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಸತ್ತದ್ದು ಹಲವರಿಗೆ ನೆನಪಿರಬಹುದು. ಫುಟ್‌ಪಾತ್ ಪಾಲಿಕೆಯದ್ದು, ತಂತಿ ವಿದ್ಯುತ್ ಕಂಪನಿಯದ್ದು.

ಫೋಟೊ ತೆಗೆದ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸ್‌ಆಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ, ಜಾಗದ ವಿವರ ಉಳಿಯುವುದಿಲ್ಲ, ಮೂಲ ಫೈಲು ಇರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂಥ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಪ್ರಮಾಣಪತ್ರವೊಂದನ್ನು ಲಗತ್ತಿಸಬೇಕು. ಅದರಲ್ಲಿ ಒಂದು ಭಾಗ ನೀವು ಸಹಿ ಮಾಡುವುದು, ಇನ್ನೊಂದು ತಜ್ಞರು ಸಹಿ ಮಾಡುವುದು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಮೂಲ ಫೈಲು ಉಳಿಸುವುದು ನಿಮ್ಮ ಕೆಲಸ. ಎದುರು ಅಂಗಡಿಯ ಸಿಸಿಟಿವಿ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಅಂಗಡಿಯವರು ಕೊಡಲು ಹಿಂಜರಿದರೆ ಅದನ್ನು ವಶಕ್ಕೆ ತೆಗೆದುಕೊಳ್ಳುವಂತೆ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಸಾಕ್ಷಿಗಳು. ಎತ್ತಿ ಆಟೋ ಹತ್ತಿಸಿದವರ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಅದೇ ಬೀದಿಯ ತರಕಾರಿಯವರು, ಟೀ ಅಂಗಡಿಯವರು "ಈ ಗುಂಡಿ ದೀಪಾವಳಿಯಿಂದ ಹೀಗೇ ಇದೆ, ಹೋದ ವಾರವೂ ಒಬ್ಬರು ಬಿದ್ದರು" ಅನ್ನುತ್ತಾರಲ್ಲ, ನಮ್ಮ ಎರಡನೇ ಪ್ರಶ್ನೆಗೆ ಅದಕ್ಕಿಂತ ಬೆಲೆಬಾಳುವ ಸಾಕ್ಷ್ಯ ಇನ್ನೊಂದಿಲ್ಲ.

ಆಸ್ಪತ್ರೆ ಮತ್ತು ಠಾಣೆ

ಆಸ್ಪತ್ರೆಯಲ್ಲಿ "ಬಿದ್ದು ಪೆಟ್ಟಾಯಿತು" ಎಂದಷ್ಟೇ ಹೇಳಿದರೆ ಕೇಸ್‌ಶೀಟಿನಲ್ಲಿ ಅಷ್ಟೇ ಬರುತ್ತದೆ. ಮನೆಯ ಮೆಟ್ಟಿಲಿಂದ ಬಿದ್ದವರಿಗೂ ನಿಮಗೂ ಆಮೇಲೆ ವ್ಯತ್ಯಾಸ ತೋರಿಸುವುದು ಕಷ್ಟ. ಎಲ್ಲಿ, ಯಾವಾಗ, ಯಾವುದರಿಂದ ಎಂಬುದನ್ನು ಹೇಳಿ, ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಿಸಿದ ಗಾಯ) ಎಂದು ದಾಖಲಿಸುವಂತೆ ಕೇಳಿ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಫಿಲ್ಮ್, ಔಷಧಿ ಅಂಗಡಿಯ ಚೀಟಿ, ಆಸ್ಪತ್ರೆಗೆ ಓಡಾಡಿದ ಆಟೋ ಬಾಡಿಗೆ ಎಲ್ಲವೂ ಒಂದು ಫೈಲಿನಲ್ಲಿರಲಿ.

ಠಾಣೆಯಲ್ಲಿ ಒಂದು ಕೊಕ್ಕೆ ಇದೆ. ಗುಂಡಿಗೆ ಬಿದ್ದ ಸವಾರನ ಮೇಲೇ ಅತಿವೇಗ, ಅಜಾಗರೂಕತೆಯ ಚಾಲನೆ ಎಂದು ಪ್ರಕರಣ ದಾಖಲಾಗುವುದುಂಟು. ಎದುರು ವಾಹನವಿಲ್ಲ, ಇಲಾಖೆಯ ಮೇಲೆ ಬರೆಯಲು ಕೈ ಬರುವುದಿಲ್ಲ, ಹಾಗಾಗಿ ಸುಲಭದ ದಾರಿ ಇದು. ಆ ಎಫ್‌ಐಆರ್ ಹಾಗೇ ಉಳಿದರೆ ಮುಂದೆ ಪಾಲಿಕೆಯ ವಕೀಲರು ಮೊದಲು ತೆಗೆದು ತೋರಿಸುವುದು ಅದನ್ನೇ. ಆದ್ದರಿಂದ ದೂರನ್ನು ನೀವೇ ಬರೆದುಕೊಂಡು ಹೋಗಿ. ಅದರಲ್ಲಿ ಗುಂಡಿಯ ಅಳತೆ, ಎಚ್ಚರಿಕೆ ಫಲಕ ಇಲ್ಲದ್ದು, ದೀಪ ಉರಿಯದಿದ್ದದ್ದು ಸ್ಪಷ್ಟವಾಗಿರಲಿ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ (ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ, ಗಾಯ), ಸಾವಾಗಿದ್ದರೆ 106(1) ಕಲಂ ಅನ್ವಯಿಸುವಂತೆ ಕೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಅದನ್ನೂ ಬರೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173(4)ರಡಿ ಅದನ್ನೇ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಸ್ಥಳ ಮಹಜರು ಮಾಡುವಾಗ ನಿಮ್ಮ ಕಡೆಯವರು ಒಬ್ಬರು ಅಲ್ಲಿರಲಿ. ಮಹಜರಿನಲ್ಲಿ "ಡಾಂಬರು ರಸ್ತೆ" ಎಂದು ಬರೆದು ಗುಂಡಿಯನ್ನೇ ಬಿಟ್ಟುಬಿಟ್ಟರೆ ಆಮೇಲೆ ಯಾರೂ ಸೇರಿಸುವುದಿಲ್ಲ.

ವಿದ್ಯುತ್ ಅಪಘಾತಕ್ಕೆ ಇನ್ನೊಂದು ದಾಖಲೆಯಿದೆ. ವಿದ್ಯುಚ್ಛಕ್ತಿ ಕಾಯ್ದೆ 2003ರ 161ನೇ ಕಲಂ ಪ್ರಕಾರ ಅಪಘಾತದ ಮಾಹಿತಿ ವಿದ್ಯುತ್ ಪರಿವೀಕ್ಷಕರಿಗೆ ಹೋಗಬೇಕು, ತನಿಖೆಯಾಗಬೇಕು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಆಗಲಿ, ಪರಿವೀಕ್ಷಣಾಲಯ ಬೇರೆ ಇಲಾಖೆ. ಅದರ ವರದಿಯಲ್ಲಿ ತಂತಿ ಜೋತುಬಿದ್ದಿತ್ತು, ರಕ್ಷಣಾ ಸಾಧನ ಕೆಲಸ ಮಾಡಲಿಲ್ಲ ಎಂದು ಬಂದರೆ ಅರ್ಧ ಮೊಕದ್ದಮೆ ಮುಗಿದಂತೆ. ವರದಿಯ ಪ್ರತಿ ಕೇಳಿ ಪಡೆಯಿರಿ.

ಆಸ್ತಿ ಯಾರದ್ದು?

ನೋಡಲು ಸುಲಭದ ಪ್ರಶ್ನೆ, ಹೆಚ್ಚು ಜನ ಎಡವುವುದೂ ಇಲ್ಲೇ. ಒಂದೇ ರಸ್ತೆಯ ಒಂದೇ ಹಳ್ಳಕ್ಕೆ ಮೂವರು ತಂದೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಹಲವೆಡೆ ಅದನ್ನು ನೋಡಿಕೊಳ್ಳುವುದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ (ಎನ್‌ಎಚ್‌ಎಐ) ಮತ್ತು ಅದರ ಟೋಲ್ ಕಂಪನಿ. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕೈಯಲ್ಲಿರಬಹುದು. ಹೆದ್ದಾರಿ ಊರೊಳಗೆ ಹಾದುಹೋಗುವ ಕಡೆ ನಗರಸಭೆ "ನಮ್ಮದಲ್ಲ" ಎನ್ನುತ್ತದೆ, ಲೋಕೋಪಯೋಗಿಯವರು "ಹಸ್ತಾಂತರಿಸಿದ್ದೇವೆ" ಎನ್ನುತ್ತಾರೆ. ಬೆಂಗಳೂರಿನಲ್ಲಂತೂ ಜಲಮಂಡಳಿ, ವಿದ್ಯುತ್ ಕೇಬಲಿನವರು, ಗ್ಯಾಸ್ ಪೈಪಿನವರು, ಮೆಟ್ರೊ ಎಲ್ಲರೂ ಅಗೆಯುವವರೇ. ಅದರ ಮೇಲೆ 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ, ಆದ್ದರಿಂದ ಹಳೆಯ ವಿಳಾಸಕ್ಕೆ ನೋಟಿಸ್ ಕಳಿಸಿ ಕೂರಬೇಡಿ.

ಇದಕ್ಕೆ ಹತ್ತು ರೂಪಾಯಿಯ ಮದ್ದು ಆರ್‌ಟಿಐ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂದಿದೆ. ಅಪಘಾತದ ಕಥೆಯೆಲ್ಲ ಅದರಲ್ಲಿ ಬರೆಯಲು ಹೋಗಬೇಡಿ, ಸಿಟ್ಟನ್ನೂ ಬೇಡ. ಹೀಗಿದ್ದರೆ ಸಾಕು:

"ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(1)ರಡಿ, [ಇಂಥ ವೃತ್ತ]ದಿಂದ [ಇಂಥ ವೃತ್ತ]ದವರೆಗಿನ ರಸ್ತೆಗೆ ಸಂಬಂಧಿಸಿ ಕಳೆದ ಮೂರು ವರ್ಷಗಳ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿ ಒದಗಿಸಿ: 1) ಡಾಂಬರೀಕರಣ ಮತ್ತು ಗುಂಡಿ ಮುಚ್ಚಿದ ಕಾಮಗಾರಿಗಳ ಕಾರ್ಯಾದೇಶ, 2) ಗುತ್ತಿಗೆದಾರರ ಹೆಸರು ಮತ್ತು ದೋಷ ಹೊಣೆಗಾರಿಕೆ ಅವಧಿ, 3) ರಸ್ತೆ ಅಗೆಯಲು ನೀಡಿದ ಅನುಮತಿ ಪತ್ರಗಳು, 4) ಈ ರಸ್ತೆಯ ಬಗ್ಗೆ ಸಾರ್ವಜನಿಕರಿಂದ ಬಂದ ದೂರುಗಳ ವಹಿ, 5) ಸಹಾಯಕ ಎಂಜಿನಿಯರರ ಸ್ಥಳ ಪರಿಶೀಲನಾ ವರದಿಗಳು."

ನಾಲ್ಕನೆಯ ಅಂಶದಲ್ಲೇ ಗಂಟಿದೆ. ನಿಮಗಿಂತ ಎರಡು ತಿಂಗಳ ಮುಂಚೆ ಯಾರೋ ಪುಣ್ಯಾತ್ಮರು ಅದೇ ಗುಂಡಿಯ ಬಗ್ಗೆ ಸಹಾಯವಾಣಿಗೆ ದೂರು ಕೊಟ್ಟಿದ್ದರೆ, ಅದಕ್ಕೊಂದು ದೂರು ಸಂಖ್ಯೆ ಬಿದ್ದಿದ್ದರೆ, "ನಮಗೆ ಗೊತ್ತಿರಲಿಲ್ಲ" ಎಂಬ ವಾದ ಅಲ್ಲಿಗೆ ಮುಗಿಯಿತು. ವಿದ್ಯುತ್ ತಂತಿಯಾದರೆ 1912ಕ್ಕೆ ಬಂದ ದೂರುಗಳನ್ನು ಕೇಳಿ. (ಇದೇ ಕಾರಣಕ್ಕೆ ಯಾರಿಗೂ ಪೆಟ್ಟಾಗದಿದ್ದರೂ ದೂರು ಕೊಡುವುದು ಒಳ್ಳೆಯದು. ನಿಮ್ಮ ದೂರು ಇನ್ನಾರಿಗೋ ಸಾಕ್ಷ್ಯವಾಗುತ್ತದೆ.) ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿ.

"ಕೆಲಸ ಗುತ್ತಿಗೆದಾರನದ್ದು, ಅವನನ್ನೇ ಕೇಳಿ" ಎಂಬ ಉತ್ತರ ಖಂಡಿತ ಬರುತ್ತದೆ. ಅದನ್ನು ನಂಬಿ ಇಲಾಖೆಯನ್ನು ಬಿಡಬೇಡಿ. ರಸ್ತೆಯನ್ನು ಸುರಕ್ಷಿತವಾಗಿ ಇಡುವ ಹೊಣೆ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಕಳಚಿ ಹೋಗುವುದಿಲ್ಲ. ಇಲಾಖೆ, ಅಗೆದವರು, ಗುತ್ತಿಗೆದಾರ ಎಲ್ಲರನ್ನೂ ಪ್ರತಿವಾದಿ ಮಾಡಿ, ಯಾರು ಯಾರಿಂದ ವಸೂಲಿ ಮಾಡಿಕೊಳ್ಳುತ್ತಾರೆ ಎಂಬುದು ಅವರ ಮನೆ ವ್ಯವಹಾರ.

"ಸರ್ಕಾರಕ್ಕೆ ವಿನಾಯಿತಿ ಇದೆ" ಎಂದರೆ

ಈ ವಾದಕ್ಕೆ ನೂರೈವತ್ತು ವರ್ಷ ಮೀರಿದ ವಯಸ್ಸು. 1861ರಲ್ಲಿ ಕಲ್ಕತ್ತೆಯ ಕಿದ್ದರ್‌ಪುರ ಹಡಗುಕಟ್ಟೆಯ ಬಳಿ ಸರ್ಕಾರಿ ಕೆಲಸಗಾರರ ನಿರ್ಲಕ್ಷ್ಯದಿಂದ ಒಂದು ಕಂಪನಿಯ ಕುದುರೆಗೆ ಗಾಯವಾಯಿತು. ಆಗಲೇ ಕೋರ್ಟು, ರಾಜ್ಯಾಧಿಕಾರಕ್ಕೆ ಮಾತ್ರ ಸೇರಿದ ಕೆಲಸ ಬೇರೆ, ಯಾರು ಬೇಕಾದರೂ ಮಾಡಬಹುದಾದ ಕೆಲಸ ಬೇರೆ, ಎರಡನೆಯದರಲ್ಲಿ ಸರ್ಕಾರವೂ ಹೊಣೆ ಎಂದಿತ್ತು. ಸಂವಿಧಾನದ 300ನೇ ವಿಧಿ ಆ ಹಳೆಯ ಸ್ಥಿತಿಯನ್ನೇ ಮುಂದುವರಿಸಿದೆ. 1962ರಲ್ಲಿ ಉದಯಪುರದ ಕಲೆಕ್ಟರ್ ಜೀಪು ವರ್ಕ್‌ಶಾಪಿನಿಂದ ವಾಪಸ್ ಬರುವಾಗ ಪಾದಚಾರಿಯನ್ನು ಕೊಂದ ಪ್ರಕರಣದಲ್ಲಿ ರಾಜಸ್ಥಾನ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂರೇ ವರ್ಷದಲ್ಲಿ ಚಕ್ರ ತಿರುಗಿತು. ಮೀರತ್ ಠಾಣೆಯ ಮಾಲ್‌ಖಾನೆಯಲ್ಲಿಟ್ಟ ವ್ಯಾಪಾರಿಯ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ್ದರೂ ಅದು ಪೊಲೀಸ್ ಅಧಿಕಾರದ ಕೆಲಸವಾದ್ದರಿಂದ ಸರ್ಕಾರ ಹೊಣೆಯಲ್ಲ ಎಂದಿತು 1965ರ ತೀರ್ಪು. ಇಂದಿಗೂ ಸರ್ಕಾರಿ ವಕೀಲರ ಕೈಯಲ್ಲಿರುವ ಅಸ್ತ್ರ ಅದೇ.

ಹೆದರಬೇಕಿಲ್ಲ. 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ತೀರಾ ಕಿರಿದು ಮಾಡಿದೆ. ರಸ್ತೆ ರಿಪೇರಿ, ಕರೆಂಟು ಪೂರೈಕೆ, ಶಾಲೆ ಗೋಡೆ ಕಟ್ಟುವುದು ಯಾವ ಲೆಕ್ಕದಲ್ಲೂ ರಾಜ್ಯಾಧಿಕಾರದ ಗುಟ್ಟಿನ ಕೆಲಸವಲ್ಲ. ವಿದ್ಯುತ್ತಿನ ವಿಷಯದಲ್ಲಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಮಳೆಯ ರಾತ್ರಿ ಸೈಕಲ್ ಮೇಲೆ ಬರುತ್ತಿದ್ದವರೊಬ್ಬರು ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತಾಗ, ಮಧ್ಯಪ್ರದೇಶದ ವಿದ್ಯುತ್ ಮಂಡಳಿ "ಯಾರೋ ಕರೆಂಟು ಕದಿಯಲು ಹೋಗಿ ತಂತಿ ಬಿತ್ತು" ಎಂದಿತು. ಅಪಾಯಕಾರಿ ವಸ್ತುವನ್ನು ನಿರ್ವಹಿಸುವವರು ನಿರ್ಲಕ್ಷ್ಯ ಇದ್ದರೂ ಇಲ್ಲದಿದ್ದರೂ ಹೊಣೆ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.

ರಸ್ತೆಗಳ ಬಗ್ಗೆ ನಮ್ಮದೇ ಹೈಕೋರ್ಟಿನ ಮಾತಿದೆ. ಬೆಂಗಳೂರಿನ ಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2019ರಲ್ಲಿ, ಸುಸ್ಥಿತಿಯ ರಸ್ತೆ ಎಂಬುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ, ಗುಂಡಿಯಿಂದ ಗಾಯಗೊಂಡವರು ಪರಿಹಾರ ಕೇಳಬಹುದು ಎಂದು ಪಾಲಿಕೆ ಪ್ರಚಾರ ಮಾಡಬೇಕು ಎಂದು ಅದು ನಿರ್ದೇಶಿಸಿತ್ತು. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಮುಂದೆ ಹೋಗಿ ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್ ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ ಎಂದು ನಿಗದಿ ಮಾಡಿದೆ. ಅದು ಮಹಾರಾಷ್ಟ್ರಕ್ಕೆ, ಆದರೆ ಇಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಗಡುವು ಮತ್ತು ನೋಟಿಸ್

ಮೊಕದ್ದಮೆ ಸಾಯುವುದು ಬಹಳ ಸಲ ಇಲ್ಲೇ. "ಮೂರು ವರ್ಷ ಟೈಮಿದೆ" ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಕಾಲಮಿತಿ ಕಾಯ್ದೆ 1963ರ ಸಾಮಾನ್ಯ ನಿಯಮ ಮೂರು ವರ್ಷ ನಿಜ (113ನೇ ಅನುಚ್ಛೇದ), ಆದರೆ ಯಾವುದೋ ಶಾಸನದ ಪ್ರಕಾರ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಕ್ಕೆ ಪರಿಹಾರ ಕೇಳುವುದಾದರೆ 72ನೇ ಅನುಚ್ಛೇದದಡಿ ಒಂದೇ ವರ್ಷ. ಎದುರಿನವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಸಾವಿನ ಪ್ರಕರಣದಲ್ಲಿ ಮಾರಕ ಅಪಘಾತ ಕಾಯ್ದೆಯಡಿ ಎರಡು ವರ್ಷ. ಪಾಲಿಕೆ, ಪುರಸಭೆ, ಪಂಚಾಯಿತಿ ಕಾಯ್ದೆಗಳಲ್ಲಿ ಬೇರೆಯೇ ನೋಟಿಸ್ ಕಲಮುಗಳಿವೆ, ಕೆಲವಲ್ಲಿ ದಾವೆಯ ಅವಧಿ ತಿಂಗಳ ಲೆಕ್ಕದಲ್ಲಿದೆ. ನನ್ನ ಸಲಹೆ ಒಂದೇ: ನಿಮ್ಮ ಕ್ಯಾಲೆಂಡರಿನಲ್ಲಿ ಆರು ತಿಂಗಳನ್ನೇ ಕೊನೆಯ ದಿನ ಎಂದು ಗುರುತು ಹಾಕಿಕೊಳ್ಳಿ, ನೋಟಿಸ್ ಎರಡನೇ ತಿಂಗಳು ದಾಟದಿರಲಿ.

ಸರ್ಕಾರದ ವಿರುದ್ಧ ದಾವೆಗೆ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ರಾಜ್ಯ ಸರ್ಕಾರವಾದರೆ ಇಲಾಖೆಯ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ, ಕೇಂದ್ರವಾದರೆ ಸಂಬಂಧಿಸಿದ ಕಾರ್ಯದರ್ಶಿಗೆ, ರೈಲ್ವೆಯಾದರೆ ವಲಯದ ಜನರಲ್ ಮ್ಯಾನೇಜರ್‌ಗೆ. ಜೆಇ (ಕಿರಿಯ ಎಂಜಿನಿಯರ್) ಕೈಗೆ ಕೊಟ್ಟ ಮನವಿ ನೋಟಿಸ್ ಆಗುವುದಿಲ್ಲ, ಶಾಸಕರಿಗೆ ಕೊಟ್ಟದ್ದಂತೂ ಅಲ್ಲವೇ ಅಲ್ಲ. ನೋಟಿಸಿನಲ್ಲಿ ನಿಮ್ಮ ಹೆಸರು, ವಿವರ, ವಾಸಸ್ಥಳ, ವ್ಯಾಜ್ಯ ಕಾರಣ, ಕೇಳುವ ಪರಿಹಾರ ಇಷ್ಟೂ ಇರಲೇಬೇಕು. ಎರಡು ತಿಂಗಳು ತುಂಬುವ ಮುಂಚೆ ಹೂಡಿದ ದಾವೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ತೀರಾ ತುರ್ತಿದ್ದರೆ 80(2)ರಡಿ ಕೋರ್ಟಿನ ಅನುಮತಿ ಕೇಳಬಹುದು. ನೋಟಿಸಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ.

ಬೆಸ್ಕಾಂನಂಥ ಕಂಪನಿ ಕಾನೂನಿನ ಕಣ್ಣಿನಲ್ಲಿ ಸರ್ಕಾರವಲ್ಲ, 80ನೇ ಕಲಮಿನ ನೋಟಿಸ್ ಅಲ್ಲಿ ಕಡ್ಡಾಯವಲ್ಲ, ಆದರೂ ಕೊಡುವುದರಿಂದ ನಷ್ಟವಿಲ್ಲ. ಟಪಾಲು ಶಾಖೆಯಲ್ಲಿ ಖುದ್ದಾಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರು, ತಾರೀಖು ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಗಟ್ಟಿ. ಅಂಚೆಯಲ್ಲಾದರೆ ನೆನಪಿಡಿ, ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ತಲುಪಿದ ಪುರಾವೆ ಬರುವಂತೆ ಬುಕ್ ಮಾಡಿಸಿ.

ಈ ನಡುವೆ ಯಾರಾದರೂ ಅಧಿಕಾರಿ ಚೆಕ್ ಹಿಡಿದು ಮನೆಗೆ ಬರಬಹುದು. ಅನುಗ್ರಹ ಧನ ತೆಗೆದುಕೊಳ್ಳಿ, ತಪ್ಪಿಲ್ಲ. "ಇದೇ ಅಂತಿಮ, ಮುಂದೆ ಯಾವ ಹಕ್ಕೂ ಇಲ್ಲ" ಎಂಬ ಸಾಲಿರುವ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. "ಹೆಚ್ಚಿನ ಪರಿಹಾರದ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ" ಎಂದು ಸಹಿಯ ಮೇಲೆ ಬರೆಯಿರಿ.

ಯಾವ ಬಾಗಿಲು ತಟ್ಟಬೇಕು?

ಮೊದಲು ಬೇರೆ ದಾರಿ ಇರುವವನ್ನು ಪಕ್ಕಕ್ಕಿಡೋಣ. ಸರ್ಕಾರಿ ಬಸ್ಸು, ಕಸದ ಲಾರಿ, ಇಲಾಖೆಯ ಜೀಪು ಗುದ್ದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿ ಈಗ ಆರು ತಿಂಗಳ ಮಿತಿ ಇದೆ, ಆ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ನೀವಂತೂ ಆರು ತಿಂಗಳೊಳಗೇ ಹಾಕಿ. ರೈಲಿನಿಂದ ಬಿದ್ದದ್ದಾದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್, ಒಂದು ವರ್ಷ, ಸಾವಿಗೆ 8 ಲಕ್ಷ. ಸ್ವಂತ ಗಾಡಿಯಲ್ಲಿ ಗುಂಡಿಗೆ ಬಿದ್ದು ಮಾಲೀಕ-ಸವಾರ ಸತ್ತಿದ್ದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾಗಿದ್ದರೆ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಮರೆಯಬೇಡಿ, ಅದಕ್ಕೂ ಪಾಲಿಕೆಯ ಮೇಲಿನ ದಾವೆಗೂ ಸಂಬಂಧವಿಲ್ಲ.

ಉಳಿದವಕ್ಕೆ ಮೂರು ಬಾಗಿಲು.

ಹೈಕೋರ್ಟಿನ ರಿಟ್ (ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೇ ಹಾಕುವ ಅರ್ಜಿ) ಎಲ್ಲರಿಗೂ ಇಷ್ಟ, ಸಾಕ್ಷಿ ವಿಚಾರಣೆಯ ಜಂಜಾಟವಿಲ್ಲ. ಆದರೆ ಸಂಗತಿಗಳೇ ವಿವಾದದಲ್ಲಿದ್ದರೆ ರಿಟ್ ಸರಿಯಾದ ದಾರಿಯಲ್ಲ ಎಂದು ಒಡಿಶಾದ ವಿದ್ಯುತ್ ಸಾವುಗಳ ಪ್ರಕರಣಗಳಲ್ಲಿ 1999 ಮತ್ತು 2005ರಲ್ಲಿ ಸುಪ್ರೀಂ ಕೋರ್ಟ್ ಕೈಚೆಲ್ಲಿತು. ಪರಿವೀಕ್ಷಕರ ವರದಿ ನಿಮ್ಮ ಪರ ಇದೆ, ಇಲಾಖೆಯೇ ತಪ್ಪು ಒಪ್ಪಿದೆ, ಸಂಗತಿ ಕನ್ನಡಿಯಂತಿದೆ ಎಂದಾಗ ಮಾತ್ರ ರಿಟ್. ಇಲ್ಲದಿದ್ದರೆ ಎರಡು ಮೂರು ವರ್ಷ ಅಲ್ಲಿ ಕಳೆದು "ಸಿವಿಲ್ ಕೋರ್ಟಿಗೆ ಹೋಗಿ" ಎಂಬ ಆದೇಶ ಹಿಡಿದು ಬರಬೇಕಾಗುತ್ತದೆ.

ಸಿವಿಲ್ ದಾವೆ ನಿಧಾನ, ಆದರೆ ಸಾಕ್ಷ್ಯ ಗಟ್ಟಿಯಿದ್ದವರಿಗೆ ಪೂರ್ತಿ ಪರಿಹಾರ ಸಿಗುವ ಜಾಗ ಅದೇ. ಪ್ರತಿವಾದಿಯ ಹೆಸರು "ಕರ್ನಾಟಕ ರಾಜ್ಯ" ಎಂದಿರಬೇಕು, "ಲೋಕೋಪಯೋಗಿ ಇಲಾಖೆ" ಎಂದಲ್ಲ. ಕೇಳುವ ಮೊತ್ತದ ಮೇಲೆ ಕೋರ್ಟ್ ಶುಲ್ಕ ಬೀಳುತ್ತದೆ, ಕಟ್ಟಲಾಗದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕ ಅರ್ಜಿ ಹಾಕಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಮೂರನೆಯದನ್ನು ಬಹಳ ಜನ ಕೇಳಿಯೇ ಇಲ್ಲ: ಖಾಯಂ ಜನತಾ ನ್ಯಾಯಾಲಯ (ಪರ್ಮನೆಂಟ್ ಲೋಕ ಅದಾಲತ್). ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 22ಬಿ ಕಲಮಿನ ಈ ಪೀಠ ಸಾರಿಗೆ, ವಿದ್ಯುತ್, ನೀರು ಪೂರೈಕೆ, ನೈರ್ಮಲ್ಯ, ಆಸ್ಪತ್ರೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ವ್ಯಾಜ್ಯವನ್ನು ಒಂದು ಕೋಟಿ ರೂಪಾಯಿವರೆಗೆ ನೋಡುತ್ತದೆ. ಕೋರ್ಟ್ ಶುಲ್ಕವಿಲ್ಲ. ರಾಜಿ ಮುರಿದರೂ ಗುಣಾವಗುಣದ ಮೇಲೆ ತಾನೇ ತೀರ್ಪು ಕೊಡುತ್ತದೆ, ಸಾಮಾನ್ಯ ಲೋಕ ಅದಾಲತ್‌ಗೂ ಇದಕ್ಕೂ ಇರುವ ಅಂತರ ಅದೇ. ತೆರೆದ ಮ್ಯಾನ್‌ಹೋಲ್, ಚರಂಡಿ ಚಪ್ಪಡಿ, ವಿದ್ಯುತ್ ಆಘಾತ ಇವಕ್ಕೆ ಇದು ಒಳ್ಳೆಯ ಜಾಗ ಎಂದು ನನ್ನ ಅಭಿಪ್ರಾಯ. ಎರಡು ಷರತ್ತು: ಮೊದಲೇ ಕೋರ್ಟಿಗೆ ಹೋಗಿರಬಾರದು, ಇಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿಷಯಕ್ಕೆ ಕೋರ್ಟಿಗೆ ಹೋಗುವಂತಿಲ್ಲ. ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ.

ಎಷ್ಟು ಕೇಳಬೇಕು?

ಬಾಯಿಗೆ ಬಂದ ಕೋಟಿ ಬರೆದರೆ ಶುಲ್ಕ ಹೆಚ್ಚುತ್ತದೆಯೇ ಹೊರತು ಪರಿಹಾರವಲ್ಲ. ಮೋಟಾರು ಅಪಘಾತಗಳಿಗೆ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕವನ್ನೇ (2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳು) ಇಲ್ಲೂ ಆಧಾರವಾಗಿ ಹಿಡಿಯುವುದು ರೂಢಿ.

ದಾವಣಗೆರೆಯಲ್ಲಿ ಚರಂಡಿಯ ಚಪ್ಪಡಿ ಮುರಿದು ಬಿದ್ದು, ಬಲಗೈ ಮಣಿಕಟ್ಟು ಸರಿಯಾಗಿ ಕೂಡದ 32 ವರ್ಷದ ದರ್ಜಿಯೊಬ್ಬರು ಇದ್ದಾರೆಂದುಕೊಳ್ಳಿ. ತಿಂಗಳ ದುಡಿಮೆ 15,000, ವರ್ಷಕ್ಕೆ 1,80,000. ಸ್ವಂತ ಉದ್ಯೋಗ, 40ರ ಒಳಗಿನ ವಯಸ್ಸು, ಮುಂದಿನ ಏಳಿಗೆಗೆ ಶೇ. 40 ಸೇರಿಸಿದರೆ 2,52,000. ಆ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸಲು ವಯಸ್ಸಿನ ಮೇಲೆ ನಿಗದಿಯಾದ ಸಂಖ್ಯೆ) 16, ಆಯಿತು 40,32,000. ದುಡಿಮೆಯ ಸಾಮರ್ಥ್ಯದಲ್ಲಿ ಶೇ. 20 ಕುಂದಿದೆ ಎಂದು ಸಾಬೀತಾದರೆ 8,06,400. ಇದರ ಮೇಲೆ ಆಸ್ಪತ್ರೆ ಬಿಲ್ಲು, ಕೆಲಸವಿಲ್ಲದೆ ಕೂತ ತಿಂಗಳುಗಳು, ನೋಡಿಕೊಂಡವರ ಖರ್ಚು, ಮುಂದಿನ ಶಸ್ತ್ರಚಿಕಿತ್ಸೆ, ನೋವಿಗೆ ಪರಿಹಾರ.

ಜಗಳ ನಡೆಯುವುದು ಆ ಶೇ. 20ರ ಮೇಲೆ. ವೈದ್ಯರು ಕೈಯ ಅಂಗವೈಕಲ್ಯ ಇಂತಿಷ್ಟು ಎಂದು ಬರೆಯುತ್ತಾರೆ, ಕೋರ್ಟಿಗೆ ಬೇಕಾದದ್ದು ಅದರಿಂದ ದುಡಿಮೆ ಎಷ್ಟು ಕುಂದಿತು ಎಂಬುದು. ಎಡಗೈ ಹೋದ ಚಾಲಕನಿಗೂ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ ಎಂದು 2011ರ ರಾಜ್‌ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ನಮ್ಮ ದರ್ಜಿ ಕತ್ತರಿ ಹಿಡಿಯಲಾರರು, ಬಟ್ಟೆಯನ್ನು ಸೂಜಿಯಡಿ ಸರಿಸಲಾರರು ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರೇ ಕಟಕಟೆಗೆ ಬಂದು ಹೇಳಿದರೆ ಶೇ. 20 ಇನ್ನೂ ಮೇಲೇರಬಹುದು. ಆದಾಯಕ್ಕೆ ಪುರಾವೆಯಾಗಿ ಆರ್ಡರ್ ಪುಸ್ತಕ, ಯುಪಿಐ ಜಮೆ, ಬ್ಯಾಂಕ್ ಪಾಸ್‌ಬುಕ್ ತೆಗೆದಿಡಿ.

ಎದುರಿನವರು ನಿಮ್ಮ ಪಾಲಿನ ತಪ್ಪನ್ನು ಹುಡುಕುತ್ತಾರೆ: ಹೆಲ್ಮೆಟ್ ಇರಲಿಲ್ಲ, ಕುಡಿದಿದ್ದರು, ಮೊಬೈಲ್ ನೋಡುತ್ತಿದ್ದರು. ಸಾಬೀತಾದರೆ ಅಷ್ಟು ಪಾಲು ಕಡಿತ, ಇಡೀ ದಾವೆ ವಜಾ ಆಗಬೇಕೆಂದಿಲ್ಲ. ಇದ್ದದ್ದನ್ನು ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ತೀರ್ಪು ಬಂದ ಮೇಲೆ

ಸರ್ಕಾರದ ವಿರುದ್ಧ ಡಿಕ್ರಿಯಾದರೆ (ಹಣ ಕೊಡಬೇಕೆಂದು ಸಿವಿಲ್ ಕೋರ್ಟಿನ ಆದೇಶವಾದರೆ) ಮರುದಿನವೇ ಅಮಲ್ಜಾರಿ ಸಾಧ್ಯವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಂ ಪ್ರಕಾರ ಡಿಕ್ರಿಯ ತಾರೀಖಿನಿಂದ ಮೂರು ತಿಂಗಳು ಹಣ ಬಾರದಿದ್ದರೆ ಮಾತ್ರ ಜಾರಿ ಅರ್ಜಿ. ಪಾಲಿಕೆ, ವಿದ್ಯುತ್ ಕಂಪನಿ, ಸಾರಿಗೆ ನಿಗಮಗಳು ಸರ್ಕಾರವಲ್ಲದ್ದರಿಂದ ಆ ಕಾಯುವಿಕೆಯ ರಿಯಾಯಿತಿ ಅವಕ್ಕಿಲ್ಲ. ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಸಾರಿಗೆ ನಿಗಮದ ಬಸ್ಸು ಜಪ್ತಿ ಮಾಡಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುವುದು ಇದರಿಂದಲೇ. ಮೇಲ್ಮನವಿ ಹಾಕಿ ತಡೆಯಾಜ್ಞೆ ಕೇಳಿದಾಗ ಸುಮ್ಮನೆ ಒಪ್ಪಬೇಡಿ, ಡಿಕ್ರಿ ಮೊತ್ತವನ್ನೋ ಅದರ ಒಂದು ಭಾಗವನ್ನೋ ಠೇವಣಿ ಇಡಿಸಿ, ಅದರಿಂದ ಚಿಕಿತ್ಸೆಗೆ ಬೇಕಾದಷ್ಟನ್ನು ಬಿಡುಗಡೆ ಮಾಡುವಂತೆ ನಿಮ್ಮ ವಕೀಲರಿಂದ ಅವತ್ತೇ ಕೇಳಿಸಿ. ಜಾರಿ ಅರ್ಜಿಯಲ್ಲಿ ಆ ಸಂಸ್ಥೆಯ ಬ್ಯಾಂಕ್ ಖಾತೆ, ಕಚೇರಿಯ ವಾಹನಗಳ ನೋಂದಣಿ ಸಂಖ್ಯೆಯ ಪಟ್ಟಿ ಕೊಡಬೇಕಾಗುತ್ತದೆ. ಅದನ್ನು ಕಚೇರಿ ಆವರಣದಲ್ಲಿ ನಿಂತು ಬರೆದುಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ.